ವೈಜನಾಥನ ಬಲಗಾಲು

ವೈಜನಾಥ ಮಾಡಿದ ತಪ್ಪು ಒಂದೇ ಸಾಲಿನದು. ಅಮೀರಪೇಟೆಯ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಒಬ್ಬನ ಬಯೋಡೇಟಾವನ್ನು ಇನ್ನೊಬ್ಬ ಫ್ಲಾಪಿಗೆ ಹಾಕಿಕೊಂಡು, ಹೆಸರು ತಿದ್ದಿ ಕಂಪನಿಗಳಿಗೆ ಕಳಿಸುವುದು ಉಪ್ಪಿನಕಾಯಿ ಹಂಚಿಕೊಂಡಷ್ಟೇ ಸಹಜವಾಗಿತ್ತು. ಅವನೂ ಹೆಸರು ತಿದ್ದಿದ, ತಂದೆಯ ಹೆಸರು ತಿದ್ದಿದ, ಊರು ಬೀದರ್ ಎಂದು ಹಾಕಿದ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಸಮಯ ಮುಗಿದು ಹಿಂದೆ ಕಾಯುತ್ತಿದ್ದವನು ಕುರ್ಚಿ ಎಳೆದ. ‘ಹವ್ಯಾಸ: ಕರಾಟೆ, ಬ್ಲ್ಯಾಕ್ ಬೆಲ್ಟ್’ ಎಂಬುದು ಹಾಗೇ ಉಳಿಯಿತು.

ಕೆಲಸವೂ ಸಿಕ್ಕಿತು. ಎರಡು ವರ್ಷ ಆ ಸಾಲು ಕಂಪನಿಯ ಫೈಲಿನೊಳಗೆ ಸುಮ್ಮನೆ ಮಲಗಿತ್ತು. ಒಂದು ಶುಕ್ರವಾರ ಬೆಳಿಗ್ಗೆ ಏಳಕ್ಕೆ ಕಾಚಿಗೂಡದ ಅವನ ಮನೆಗೆ ಫೋನು ಬಂತು. ಕಂಪನಿಯ ಡೈರೆಕ್ಟರ್ ಮಹೇಶಕುಮಾರ್ ಅವರದು. ಗುಲಬರ್ಗಾ ಕಡೆಯವರು, ಕರಾಟೆ ಎಂದರೆ ಊಟ ಬಿಡುವವರು.

“ನಿನ್ನ ಫೈಲ್ ನೋಡಾಕತ್ತಿದ್ದೆ, ವೈಜನಾಥ. ಬ್ಲ್ಯಾಕ್ ಬೆಲ್ಟ್ ಇಟ್ಕೊಂಡು ಇಷ್ಟ ದಿನ ಬಾಯಿ ಬಿಟ್ಟಿಲ್ಲಲ್ಲೋ. ಸಂಜಿ ನಾಕಕ್ಕ ಹಾಲ್‌ಗೆ ಬಾ. ನಿನ್ನ ಒಂದ ಒದಿ ನೋಡಬೇಕು.”

ವೈಜನಾಥ ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಎರಡು ತಿಂಗಳಿಂದ ಅವನಿಗೆ ಪ್ರಾಜೆಕ್ಟ್ ಇರಲಿಲ್ಲ. ಅಂಥವರಲ್ಲಿ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂಬ ಪಟ್ಟಿಗೆ ಅಂದೇ ಸಂಜೆ ಸಹಿ ಬೀಳುವುದಿತ್ತು. ಸಹಿ ಮಾಡುವ ಕೈಯೂ ಮಹೇಶಕುಮಾರ್ ಅವರದೇ. ಬೀದರಿನ ಕಿರಾಣಿ ಅಂಗಡಿಯಲ್ಲಿ ಆರು ವರ್ಷ ನಿಂತು ಕಾಲು ಸವೆಸಿದವನಿಗೆ ಕಂಪ್ಯೂಟರ್ ಮುಂದಿನ ಆ ಕುರ್ಚಿ ಸಿಂಹಾಸನಕ್ಕಿಂತ ದೊಡ್ಡದು.

“ಖರೇ ಹೇಳಿಬಿಡ್ರಿ,” ಎಂದಳು ಹೆಂಡತಿ ಶಿವದೇವಿ.

“ಹೇಳಿದ್ರ ಸಂಜಿತನಕ ಕಾಯೂದು ಉಳಿತೈತಿ, ಅಷ್ಟ. ಮುಂಜಾನಿನೇ ಕಳಸ್ತಾರ.”

ಗೋಡೆಯಾಚೆ ಇದನ್ನು ಕೇಳಿಸಿಕೊಂಡ ಪಕ್ಕದ ಮನೆಯ ಬಸವಲಿಂಗಪ್ಪ ಕರೆಯದೆಯೇ ಬಂದರು. ಬಾಲಾನಗರದ ಕಾರ್ಖಾನೆಯಲ್ಲಿ ಫಿಟ್ಟರಾಗಿ ನಿವೃತ್ತರಾದ ಅವರು ಹುಡುಗಾಟದ ವಯಸ್ಸಿನಲ್ಲಿ ಗರಡಿಮನೆಯ ಹೊಸ್ತಿಲು ತುಳಿದಿದ್ದರಂತೆ. ಒದೆಯೆಂದರೆ ಬರೀ ಬಲ, ಮನಸ್ಸಿನಲ್ಲಿ ವೈರಿಯನ್ನು ನೆನೆದು ಒದ್ದರೆ ಸಾಕು ಎಂದು ಹೇಳಿ, ಬಟ್ಟೆ ಒಣಗಿಸುವ ಹಗ್ಗಕ್ಕೆ ದಿಂಬು ಕಟ್ಟಿಸಿದರು. ವೈಜನಾಥನಿಗೆ ವೈರಿಗಳೇ ಇರಲಿಲ್ಲ. ಬಯೋಡೇಟಾ ಕೊಟ್ಟ ಗೆಳೆಯನನ್ನು ನೆನೆದು ಒದ್ದ. ದಿಂಬು ಅಲುಗಲಿಲ್ಲ. ಕಾಲಿನ ಚಪ್ಪಲಿ ಮಾತ್ರ ಹಾರಿ, ಎದುರು ಮನೆಯ ಯಂಕಮ್ಮ ಒಣಹಾಕಿದ್ದ ಸಂಡಿಗೆಯ ನಡುವೆ ಹೋಗಿ ಕುಳಿತಿತು. ಅರ್ಧ ಗಂಟೆ ಆ ಕಡೆಯಿಂದ ತೆಲುಗಿನಲ್ಲೂ ಕನ್ನಡದಲ್ಲೂ ಬೈಗುಳ ಬಂದವು. ಬಸವಲಿಂಗಪ್ಪನವರು ಹೊತ್ತು ನೋಡಿ ಒಳಗೆ ಸರಿದರು.

ಆಫೀಸು ಸೇರುವ ಹೊತ್ತಿಗೆ ಸುದ್ದಿ ಅವನಿಗಿಂತ ಮುಂಚೆ ಸೇರಿತ್ತು. ಜವಾನನಿಂದ ಹಿಡಿದು ಎಲ್ಲರೂ ಅವನ ಕಾಲನ್ನೇ ನೋಡುತ್ತಿದ್ದರು. ನೀರು ಕುಡಿಯಲು ಎದ್ದರೆ ನಾಲ್ಕು ಜನ ದಾರಿ ಬಿಟ್ಟರು. ಕೊನೆಗೆ ಪಕ್ಕದ ಮೇಜಿನ ಗಾನವಿಯ ಮುಂದೆ ಅವನು ನಿಜ ಒಪ್ಪಿಕೊಂಡ. ಮೈಸೂರಿನ ಆ ಹುಡುಗಿ ಕಾಲೇಜಿನಲ್ಲಿ ನಾಲ್ಕು ವರ್ಷ ಕರಾಟೆ ಕಲಿತಿದ್ದಳು. ಊಟದ ಹೊತ್ತಿನಲ್ಲಿ ಮೆಟ್ಟಿಲ ಕೆಳಗೆ ನಿಲ್ಲಿಸಿ ಹೇಳಿಕೊಟ್ಟಳು.

“ಒದೆಯೋದು ಕಾಲಲ್ಲ ಸಾರ್, ಸೊಂಟ. ಮೊದಲು ಮಂಡಿ ಎದೆಮಟ್ಟಕ್ಕೆ ಬರಬೇಕು. ಎಲ್ಲರೂ ಮೇಲೆ ಹೋಗೋ ಕಾಲು ನೋಡ್ತಾರೆ. ಒಳ್ಳೆ ಒದೆಗಾರ ಯಾರು ಅಂತ ಗೊತ್ತಾಗೋದು ನೆಲದ ಮೇಲಿರೋ ಕಾಲಿಂದ. ಅದು ಗಟ್ಟಿ ನಿಲ್ಲಬೇಕು. ಒದ್ದ ಕಾಲು ಹೋದದ್ದಕ್ಕಿಂತ ಬೇಗ ವಾಪಸ್ ಬರಬೇಕು.”

“ಇವೆಲ್ಲಾ ಕಲಿಯಾಕ ಎಷ್ಟ ದಿನ ಬೇಕವ್ವಾ?”

“ನನಗೆ ನಾಲ್ಕು ವರ್ಷ ಹಿಡೀತು.”

ಗಡಿಯಾರದಲ್ಲಿ ಎರಡೂಕಾಲು. ಉಳಿದ ಸಮಯದಲ್ಲಿ ಅವನು ಮಂಡಿ ಎತ್ತಿದ, ಇಳಿಸಿದ, ಎತ್ತಿದ. ಮೂರೂವರೆಗೆ ತೊಡೆ ಹಗ್ಗದಂತೆ ಹುರಿಗೊಂಡಿತ್ತು.

ನಾಲ್ಕಕ್ಕೆ ಹಾಲ್ ತುಂಬಿತ್ತು. ಮಹೇಶಕುಮಾರ್ ಟೈ ಬಿಚ್ಚಿ, ದಪ್ಪ ಗಾದಿಯೊಂದನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದರು. ಪಟ್ಟಿ ಅವರ ಹಿಂದಿನ ಮೇಜಿನ ಮೇಲಿತ್ತು, ಪೆನ್ನಿನ ಮುಚ್ಚಳ ತೆಗೆದೇ ಇತ್ತು. ವೈಜನಾಥ ಮನೆದೇವರನ್ನು ನೆನೆದು ಮಂಡಿ ಎತ್ತಿದ. ಎದೆಮಟ್ಟಕ್ಕೆ ಬಂತು. ಅಲ್ಲೇ ಸೆಳೆತ ಹಿಡಿಯಿತು. ಕಾಲು ಮುಂದಕ್ಕೂ ಹೋಗಲೊಲ್ಲದು, ಕೆಳಕ್ಕೂ ಇಳಿಯಲೊಲ್ಲದು. ಮೀನಿಗಾಗಿ ಕಾದ ಬಕಪಕ್ಷಿಯಂತೆ ಒಂಟಿಕಾಲಿನಲ್ಲಿ ನಿಂತ. ಕೂಗಿದರೆ ಕೆಲಸ ಹೋಗುತ್ತದೆಂದು ಹಲ್ಲು ಕಚ್ಚಿದ. ಕಣ್ಣು ಕೆಂಪಾದವು, ಮುಖ ನಡುಗಿತು. ಒಂದು ನಿಮಿಷ ಹಾಗೇ ಕಳೆಯಿತು. ಗಾದಿಯ ಹಿಂದಿದ್ದ ಮಹೇಶಕುಮಾರ್ ಒದೆ ಈಗ ಬಂತು, ಆಗ ಬಂತು ಎಂದು ಕಾದು ಕಾದು ಬೆವೆತರು.

ಕೊನೆಗೆ ಅವರೇ ಗಾದಿ ಕೆಳಗಿಟ್ಟರು.

“ಸಾಕಪ್ಪಾ, ಇಳಸು. ಒದಿಯೂದು ಕತ್ತೆಗೂ ಬರ್ತೈತಿ. ಎತ್ತಿದ ಕಾಲು ತಡದು ನಿಲ್ಲೂದು ಐತಲ್ಲ, ಅದು ವಿದ್ಯಾ. ಆ ಕಣ್ಣ ನೋಡಿ ನನಗ ಖರೇನ ಅಂಜಿಕಿ ಬಂತು.”

ಇಬ್ಬರು ಬಂದು ಕಾಲು ಇಳಿಸಬೇಕಾಯಿತು. ಅದನ್ನೂ ಜನ ಗುರುಮರ್ಯಾದೆ ಎಂದೇ ತಿಳಿದು ಚಪ್ಪಾಳೆ ತಟ್ಟಿದರು. ಮಹೇಶಕುಮಾರ್ ಪಟ್ಟಿ ತೆಗೆದುಕೊಂಡು, ಮನೆಗೆ ಹೋಗುವವರ ಸಾಲಿನಲ್ಲಿದ್ದ ವೈಜನಾಥನ ಹೆಸರನ್ನು ಎಲ್ಲರೆದುರೇ ಹೊಡೆದುಹಾಕಿದರು. ವೈಜನಾಥ ಕುಂಟುತ್ತ ಹೋಗಿ ತನ್ನ ಕುರ್ಚಿಯಲ್ಲಿ ಕುಳಿತು, ಮೇಜಿಗೆ ಹಣೆ ಹಚ್ಚಿ ಹಗುರಾದ.

ಐದೂವರೆಗೆ ಜವಾನ ಆದೇಶಪತ್ರ ತಂದುಕೊಟ್ಟ. ಸೋಮವಾರದಿಂದ ಕೆಲಸ ಖಾಯಂ, ಸಂಬಳ ಮೊದಲಿನಷ್ಟೇ. ಇಂಥ ಕಾಲನ್ನು ಮೇಜಿನ ಕೆಳಗೆ ಮಡಚಿಡುವುದು ಕಂಪನಿಗೆ ನಷ್ಟವಾದ್ದರಿಂದ, ವೈಜನಾಥ ಅವರನ್ನು ರಾತ್ರಿಪಾಳಿಯ ಕಾವಲು ಮುಖ್ಯಸ್ಥರನ್ನಾಗಿ ಮುಂಬಾಗಿಲಿಗೆ ನೇಮಿಸಲಾಗಿದೆ. ಕಂಪ್ಯೂಟರನ್ನು ಇಂದೇ ಒಪ್ಪಿಸತಕ್ಕದ್ದು. ಪಾಳಿ ಹನ್ನೆರಡು ಗಂಟೆಯದು, ನಿಂತೇ ಮಾಡತಕ್ಕದ್ದು.

ಜವಾನನ ಹಿಂದೆಯೇ ದರ್ಜಿಯೊಬ್ಬ ಅಳತೆ ಟೇಪು ಹಿಡಿದು ಕಾಯುತ್ತಿದ್ದ. ಪತ್ರದ ಕೆಳಗೆ ಮಹೇಶಕುಮಾರ್ ಸ್ವಂತ ಕೈಯಲ್ಲಿ ಒಂದು ಸಾಲು ಬರೆದಿದ್ದರು: ಖಾಕಿ ಪ್ಯಾಂಟು ಸಡಿಲವಾಗಿರಲಿ, ಒದೆಯಲು ಅನುಕೂಲ.