ಹೊ, ಹೆ, ಪು

ಪ್ರಬಂಧ ತಿದ್ದುವುದೆಂದರೆ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತಲೆನೋವು, ನನಗೊಬ್ಬಳಿಗೆ ಹಬ್ಬ. ಅದರಲ್ಲೂ ಓದುವವರ ಮನವೊಲಿಸಲು ಬರೆದ ಪ್ರಬಂಧಗಳಾದರೆ ಮುಂದಿಟ್ಟ ಕಾಫಿ ಆರಿದ್ದೂ ಗೊತ್ತಾಗುವುದಿಲ್ಲ. ಹೊಗಳಿ ಕೆಲಸ ಮಾಡಿಸಿಕೊಳ್ಳಲು ನೋಡಿದ ಕಡೆ ಅಂಚಿನಲ್ಲಿ ಕೆಂಪು ಪೆನ್ನಿನಿಂದ ‘ಹೊ’ ಎಂದು ಬರೆಯುತ್ತೇನೆ. ಹೆದರಿಸಿದರೆ ‘ಹೆ’, ಪುರಾವೆ ಕೊಟ್ಟರೆ ‘ಪು’. ಈ ಮೂರು ಅಕ್ಷರ ಹಿಡಿದು ನಾಲ್ಕು ತಾಲ್ಲೂಕು ಸುತ್ತಿದ್ದೇನೆ, ಹೋದಲ್ಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ಈ ವರ್ಷವಂತೂ ನಾನು ಚನ್ನಗಿರಿಯಲ್ಲಿ ಉಳಿಯುವುದೋ ಬಿಡುವುದೋ ಎನ್ನುವ ಮಾತೇ ಒಂದು ನೋಟ್‌ಬುಕ್ಕಿಗೆ ಸಿಕ್ಕಿಕೊಂಡಿತು.

೧. ಜಗಳೂರಿನ ‘ಹೆ’

ನನ್ನ ಮೊದಲ ಶಾಲೆ. ಶಾಲೆಯ ಮುಂದೆ ಬಸ್ ನಿಲ್ಲಿಸಿ ಎಂದು ಡಿಪೋ ಮ್ಯಾನೇಜರರಿಗೆ ಪತ್ರ ಬರೆಯಲು ಹೇಳಿದ್ದೆ. ಸ್ವಲ್ಪ ಹೆದರಿಕೆಯೂ ಇರಲಿ, ಆಗಲೇ ದೊಡ್ಡವರು ಎಚ್ಚೆತ್ತುಕೊಳ್ಳುತ್ತಾರೆ ಎಂದಿದ್ದೆ. ಒಬ್ಬ ಬರೆದಿದ್ದ: ‘ಬಸ್ ನಿಲ್ಲಿಸದಿದ್ದರೆ ನಾವು ಶಾಲೆಗೆ ಬರಲಾಗದು. ಶಾಲೆಗೆ ಬಾರದಿದ್ದರೆ ಓದಲಾಗದು. ಓದದಿದ್ದರೆ ಮುಂದೆ ನಾವೂ ನಿಮ್ಮ ಹಾಗೆ ಡಿಪೋದಲ್ಲೇ ಕೂರಬೇಕಾಗುತ್ತದೆ.’

ಖುಷಿಯಲ್ಲಿ ಅಂಚಿಗೆ ಇಷ್ಟು ದೊಡ್ಡ ‘ಹೆ’ ಬರೆದು, ಅದೇ ಪತ್ರವನ್ನು ಡಿಪೋಗೆ ಕಳಿಸಿಯೂಬಿಟ್ಟೆ. ಅಲ್ಲಿಯವರೆಗೆ ವಾರಕ್ಕೊಮ್ಮೆಯಾದರೂ ನಿಲ್ಲುತ್ತಿದ್ದ ಬಸ್, ಆಮೇಲೆ ನಮ್ಮ ಗೇಟು ಕಂಡರೆ ಹಾರ್ನ್ ಹೊಡೆದು ಓಡುತ್ತಿತ್ತು.

೨. ಹೊನ್ನಾಳಿಯ ‘ಪು’

ಹೆದರಿಕೆಯ ಸಹವಾಸ ಸಾಕೆಂದು ಹೊನ್ನಾಳಿಯಲ್ಲಿ ಪುರಾವೆಯ ಮೇಲೆ ಒತ್ತು ಕೊಟ್ಟೆ. ಮೊಬೈಲಿನ ದುಷ್ಪರಿಣಾಮದ ಬಗ್ಗೆ ಒಬ್ಬಳು ಹೀಗೆ ಬರೆದಳು: ‘ಮೊಬೈಲಿನಿಂದ ಮನುಷ್ಯನಿಗೆ ಹೊತ್ತು ತಿಳಿಯದಾಗುತ್ತದೆ. ಪುರಾವೆ: ನಮ್ಮ ಮುಖ್ಯೋಪಾಧ್ಯಾಯರು ಮೊಬೈಲ್ ನೋಡುತ್ತ ಒಂದೇ ದಿನ ಎರಡು ಸಲ ಊಟದ ಗಂಟೆ ಹೊಡೆಸಿದರು.’ ಸಾಕ್ಷಿಗಳೆಂದು ಕೆಳಗೆ ಇಡೀ ತರಗತಿಯ ಸಹಿ.

ಸುದ್ದಿ ಮುಖ್ಯೋಪಾಧ್ಯಾಯರ ಕಿವಿಗೆ ಬಿತ್ತು. ನೋಟ್‌ಬುಕ್ ತರಿಸಿದರು, ಓದಿದರು, ಕೆಂಪಗಾದರು. ಆಮೇಲೆ ನನ್ನನ್ನು ಕರೆಸಿದರು.

“ಮೇಡಂ, ಮಕ್ಕಳಿಗೆ ಸುಳ್ಳು ಬರೆಯಾಕೆ ಕಲಿಸಬೇಡ್ರಿ. ಎರಡಲ್ಲ, ಮೂರು ಸಲ ಹೊಡೆಸಿದ್ದೆ.”

೩. ನ್ಯಾಮತಿಯ ‘ಹೊ’

ನ್ಯಾಮತಿಯಲ್ಲಿ ಹೊಗಳಿಕೆ. ಗೋವಿನಕೋವಿಯಿಂದ ಬರುತ್ತಿದ್ದ ಒಬ್ಬಳು ನನಗೇ ಒಂದು ಮನವಿ ಬರೆದಳು. ನನ್ನ ಅಕ್ಷರ ಮುತ್ತಂತೆ, ನನ್ನ ಮಾತು ಜೇನಂತೆ, ನನ್ನ ಸೀರೆಗಳಂಥವಂತೂ ತಾಲ್ಲೂಕಿನಲ್ಲೇ ಇಲ್ಲವಂತೆ. ಎರಡು ಪುಟ ಓದಿ ಉಬ್ಬಿಹೋದೆ, ಆದರೆ ಹುಡುಗಿಗೆ ಬೇಕಾದದ್ದೇನು ಎನ್ನುವುದೇ ಇರಲಿಲ್ಲ. ಕರೆದು ಕೇಳಿದೆ.

“ಅದನ್ನ ಆಮೇಲೆ ಬರೀತೀನಿ ಮೇಡಂ. ಮೊದ್ಲು ಇದು ಹೆಂಗೆ ಹಿಡಿಸ್ತೈತೆ ನೋಡಣ ಅಂತ.”

೪. ಚನ್ನಗಿರಿಯಲ್ಲಿ

ಇಷ್ಟೆಲ್ಲ ಸುತ್ತಿ ಕೊನೆಗೆ ಸ್ವಂತ ಊರಾದ ಚನ್ನಗಿರಿಗೆ ಬಂದೆ. ಬಂದು ಎರಡು ವರ್ಷವಾಗಿಲ್ಲ, ಮಕ್ಕಳ ಸಂಖ್ಯೆ ಇಳಿಯಿತು. ಕನ್ನಡಕ್ಕೆ ನಾವಿಬ್ಬರು, ಒಬ್ಬರು ಹೆಚ್ಚುವರಿ, ಕಳಿಸುವುದಾದರೆ ಆಮೇಲೆ ಬಂದ ನನ್ನನ್ನೇ. ಸುದ್ದಿ ಮಕ್ಕಳಿಗೂ ಮುಟ್ಟಿತ್ತು, ನನಗೆ ಅನ್ನ ಸೇರುತ್ತಿರಲಿಲ್ಲ. ಹೆಚ್ಚುವರಿಯ ಲೆಕ್ಕ ನೋಡಿಹೋಗಲು ಅಧಿಕಾರಿಯೊಬ್ಬರು ಬಂದ ದಿನವೇ ವಿಷಯ ನಿಮ್ಮಿಷ್ಟ ಎಂದು ನಾನು ಬರೆಸಿದ್ದ ಒಂಬತ್ತನೇ ತರಗತಿಯ ಮನವಿ ಪತ್ರಗಳು ಮೇಜಿನ ಮೇಲಿದ್ದವು. ಇನ್ನೂ ತಿದ್ದಿರಲಿಲ್ಲ. ಅವರು ಒಂದನ್ನು ಎತ್ತಿಕೊಂಡು ತರಗತಿಯ ಮುಂದೆ ಗಟ್ಟಿಯಾಗಿ ಓದತೊಡಗಿದರು.

‘ಮಾನ್ಯರೇ, ನಮ್ಮ ಕನ್ನಡ ಮೇಡಂಗೆ ಮೂಗಿನ ತುದಿಯಲ್ಲೇ ಕೋಪ. ಅವರು ಪದ್ಯ ಹಾಡಿದರೆ ಪಕ್ಕದ ತರಗತಿಯವರು ಕಿಟಕಿ ಹಾಕಿಕೊಳ್ಳುತ್ತಾರೆ. ಒಂದೇ ಪ್ರಬಂಧವನ್ನು ಐದು ಸಲ ಬರೆಸುತ್ತಾರೆ. ಆಟದ ಪೀರಿಯಡ್ಡನ್ನೂ ಬಿಡುವುದಿಲ್ಲ. ಆದ್ದರಿಂದ ದಯವಿಟ್ಟು ಇವರನ್ನು ನಮ್ಮ ಶಾಲೆಯಲ್ಲೇ ಉಳಿಸಬೇಕು.’

ನಾನು ಸತ್ತೇ ಹೋದೆ ಅಂದುಕೊಂಡೆ. ಅಧಿಕಾರಿ ಕನ್ನಡಕ ತೆಗೆದು, ಬರೆದವರು ಯಾರು ಎಂದರು. ಎರಡನೇ ಬೆಂಚಿನಿಂದ ಒಬ್ಬಳು ಎದ್ದಳು. ಇವಳ ಅಪ್ಪ ಅಡಿಕೆ ವ್ಯಾಪಾರಿ. ಉಳಿಸಿ ಅಂತ ಕೇಳುವವಳು ಇಷ್ಟು ದೂರಿದ್ದು ಯಾಕಮ್ಮಾ ಎಂದು ಅವರು ಕೇಳಿದರು. ಅವಳಿಗೆ ಹೆದರಿಕೆಯೇ ಇರಲಿಲ್ಲ.

“ನಮ್ಮಪ್ಪ ತನಗೆ ಬೇಕಾದ ಅಡಿಕೇನ ಯಾವತ್ತೂ ಹೊಗಳಾದಿಲ್ಲ ಸಾರ್. ಚೀಲಕ್ಕೆ ಕೈ ಹಾಕಿ, ಹಸಿ ಐತೆ, ಬಣ್ಣ ಇಲ್ಲ, ಒಡಕು ಐತೆ ಅಂತಾರೆ. ಚಲೋ ಐತೆ ಅಂದ್ರೆ ಪಕ್ಕದೋರು ತಗಂಡು ಹೋಗಿಬಿಡ್ತಾರೆ. ಮೇಡಂ ಭಾರಿ ಚಲೋ ಪಾಠ ಮಾಡ್ತಾರೆ ಅಂತ ಬರೆದಿದ್ರೆ ನೀವು ಬೇರೆ ಶಾಲೆಗೆ ಕರ್ಕಂಡು ಹೋಗ್ತಿದ್ರಿ.”

ತರಗತಿಗೆ ತರಗತಿಯೇ ತಲೆಯಾಡಿಸಿತು. ಆಮೇಲೆ ನೋಡಿದರೆ ಎಲ್ಲರ ಪತ್ರದಲ್ಲೂ ನನ್ನ ದೋಷಗಳದೇ ಪಟ್ಟಿ, ಒಬ್ಬರದು ಇನ್ನೊಬ್ಬರದರಂತಿಲ್ಲ. ಅಧಿಕಾರಿ ನಗು ತಡೆಯಲಾರದೆ ಕುರ್ಚಿ ಹಿಡಿದುಕೊಂಡರು. ಹೋಗುವಾಗ ನನ್ನ ಕಡೆ ತಿರುಗಿ, “ಮೇಡಂ, ಹಿಂಗೆ ಬಯ್ಯೋ ಗಿರಾಕಿನ ಬಿಟ್ಟು ನಿಮ್ಮನ್ನ ಎಲ್ಲಿಗೆ ಕಳಿಸಾಣ” ಎಂದರು.

ವರ್ಗಾವಣೆಯ ಪಟ್ಟಿ ಬಂತು, ಅದರಲ್ಲಿ ನನ್ನ ಹೆಸರಿರಲಿಲ್ಲ. ಪತ್ರದಿಂದಲೇ ಹೀಗಾಯಿತೋ ಇಲ್ಲವೋ ನಾನರಿಯೆ, ಆದರೆ ಅವತ್ತು ಬಸ್‌ಸ್ಟ್ಯಾಂಡಿನವರೆಗೂ ಒಬ್ಬಳೇ ನಗುತ್ತಾ ನಡೆದೆ. ಹುಡುಗಿಯ ನೋಟ್‌ಬುಕ್ಕಿನ ಅಂಚಿನಲ್ಲಿ ಹೊ, ಹೆ, ಪು ಯಾವುದನ್ನು ಬರೆಯಬೇಕೋ ಇನ್ನೂ ತೋಚಿಲ್ಲ.

ಒಂದು ತೊಂದರೆ ಮಾತ್ರ ಅಂಟಿಕೊಂಡಿದೆ. ಮೊನ್ನೆ ಪ್ರಾರ್ಥನೆಯ ಹೊತ್ತಿನಲ್ಲಿ ನಮ್ಮ ಮುಖ್ಯೋಪಾಧ್ಯಾಯರು ಎಲ್ಲರೆದುರು ನನ್ನ ಪಾಠವನ್ನು ಬಾಯ್ತುಂಬ ಹೊಗಳಿದರು. ಪ್ರಾರ್ಥನೆ ಮುಗಿದದ್ದೇ ಅವರ ಹಿಂದೆ ಓಡಿದೆ.

“ಸಾರ್, ನನ್ನನ್ನ ಯಾವ ಶಾಲೆಗೆ ಕಳಿಸ್ತಿದೀರಿ?”