ಮೂರು ಹತ್ತಕ್ಕೆ ಮುಳುಗಿದ ಮಾವನ ಸೂರ್ಯ

ಮಧ್ಯಾಹ್ನ ಸರಿಯಾಗಿ ಮೂರು ಗಂಟೆ ಹತ್ತು ನಿಮಿಷಕ್ಕೆ ನನ್ನ ಸೋದರಮಾವ ಹಿಮಾಲಯದ ಒಂದು ಕಣಿವೆಯಲ್ಲಿ ನಿಂತು, ಕೈಯಲ್ಲಿದ್ದ ನೀರಿನ ಬಾಟಲಿಯ ಮುಚ್ಚಳ ಬಿಗಿಯಾಗಿ ತಿರುಗಿಸಿ, "ಸಂಜೆಯಾಯಿತು" ಎಂದು ಘೋಷಿಸಿದರು. ನಾನು ಗಡಿಯಾರ ನೋಡಿದೆ. ನಮ್ಮ ಮಾರ್ಗದರ್ಶಿ ನೇಗಿ ತನ್ನ ಗಡಿಯಾರ ನೋಡಿದ. ಆಮೇಲೆ ಇಬ್ಬರೂ ಆಕಾಶ ನೋಡಿದೆವು. ಅದು ಆಗಷ್ಟೇ ತೊಳೆದಿಟ್ಟ ಸ್ಟೀಲ್ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಎಡವಟ್ಟು ಶುರುವಾದದ್ದು ಆ ಗಳಿಗೆಯಲ್ಲಿ. ನಮಗೆ ಬಂದದ್ದು ಮಾತ್ರ ನಗು!

ನಿಮಗೂ ನಗು ಬರುತ್ತದೆ, ಗೊತ್ತು. ಏಕೆಂದರೆ ನೀವೆಲ್ಲ ಊರಿಗೆಲ್ಲ ಒಬ್ಬನೇ ಆಗಿರುವ ಸೂರ್ಯನ ಕೆಳಗೆ ಬದುಕುವವರು. ನನ್ನ ಮಾವನಿಗೆ ಸ್ವಂತದ್ದೇ ಒಬ್ಬ ಸೂರ್ಯ ಇದ್ದಾನೆ.

ನಾವು ಮಲಯಾಳ ನಾಡಿನ ಘಟ್ಟದ ಮೇಲೆ, ವೆಳ್ಳಮುಂಡದ ಆಚೆ ಇರುವ ಜೈನರು. ಸೂರ್ಯ ಮುಳುಗಿದ ಮೇಲೆ ಅನ್ನವಿರಲಿ, ಒಂದು ಗುಟುಕು ನೀರೂ ಮುಟ್ಟಬಾರದೆಂಬ ವ್ರತ ನಮ್ಮಲ್ಲಿ ಹಿರಿಯರಿಗೆ ಇದೆ. ಅದರಲ್ಲಿ ವಿಚಿತ್ರವೇನಿಲ್ಲ. ವಿಚಿತ್ರವಿರುವುದು ಮಾವ ಸೂರ್ಯನನ್ನು ಮುಳುಗಿಸುವ ರೀತಿಯಲ್ಲಿ! ಮನೆಯ ಪಡುವಣಕ್ಕೆ ಅಂಟಿಕೊಂಡೇ ಒಂದು ಗುಡ್ಡ. ಸೂರ್ಯ ಅದರ ಹಿಂದೆ ಸರಿದಾಗ ಗುಡ್ಡದ ನೆರಳು ಮೆಣಸಿನ ಬಳ್ಳಿಗಳನ್ನು ದಾಟಿ, ಅಂಗಳ ದಾಟಿ, ಬಾವಿಕಟ್ಟೆಯನ್ನು ಮುಟ್ಟುತ್ತದೆ. ಮುಟ್ಟಿತೋ, ಮಾವನ ಬಾಯಿ ಮುಚ್ಚಿತು. ವೆಳ್ಳಮುಂಡ ಪೇಟೆಯಲ್ಲಿ ಜನ ಸಂಜೆಯ ಚಹಾಕ್ಕೆ ನೀರಿಡುವ ಹೊತ್ತಿಗೆ ನಮ್ಮ ಮನೆಯಲ್ಲಿ ರಾತ್ರಿಯೂಟ ಮುಗಿದು ಪಾತ್ರೆ ಬೋರಲು ಹಾಕಿರುತ್ತದೆ. ಒಮ್ಮೆ ಮೊದಲ ಸಲ ಮನೆಗೆ ಬಂದ ಹೊಸ ಅಳಿಯನೊಬ್ಬ ಹೋಳಿಗೆಯ ತುಂಡನ್ನು ಬಾಯಿಯವರೆಗೆ ತಂದಿದ್ದ. ಮಾವ ಕಿಟಕಿಯಿಂದ ಹಣಕಿ "ನೆರಳು ಬಂತು" ಎಂದರು. ಅವರು ಹೇಳಿದ್ದು ತಮಗೇ. ಹೆದರಿದ ಹುಡುಗ ಹೋಳಿಗೆಯನ್ನು ತಟ್ಟೆಗೆ ಮರಳಿಸಿ, ಕೈ ತೊಳೆದು, ಹಸಿದುಕೊಂಡೇ ಮಲಗಿದ!

ಬಸದಿಯ ಪುರೋಹಿತರು ಹೇಳಿ ನೋಡಿದರು. "ಗೌಡರೇ, ಸೂರ್ಯಾಸ್ತದ ಹೊತ್ತು ಪಂಚಾಂಗದಲ್ಲೇ ಇದೆಯಲ್ಲ."

"ಪಂಚಾಂಗ ಬರೆದವರ ಮನೆ ಬಯಲಲ್ಲಿರಬೇಕು" ಎಂದರು ಮಾವ.

ನಾನು ಮಾನಂದವಾಡಿಯ ಒಂದು ಶಾಲೆಯಲ್ಲಿ ಭೂಗೋಳ ಕಲಿಸುತ್ತೇನೆ. ಮಾವ, ಅತ್ತೆಯ ಜೊತೆಯಲ್ಲೇ ಇರುತ್ತೇನೆ. ಭೂಗೋಳದ ಮರ್ಯಾದೆ ಉಳಿಸಲು ಒಂದು ಮಧ್ಯಾಹ್ನ ಕಿತ್ತಳೆ ಹಣ್ಣು ಹಿಡಿದು, ದೀಪದ ಮುಂದೆ ತಿರುಗಿಸಿ, ಹಗಲು ಎಲ್ಲಿ, ಇರುಳು ಎಲ್ಲಿ ಎಂದು ವಿವರಿಸಿದೆ. ಮಾವ ತುಂಬ ಗಮನವಿಟ್ಟು ನೋಡಿದರು. ಕಿತ್ತಳೆಯನ್ನು ಕೈಗೆ ತೆಗೆದುಕೊಂಡು "ಇದರಲ್ಲಿ ನಮ್ಮ ಗುಡ್ಡ ಎಲ್ಲಿ?" ಎಂದು ಕೇಳಿದರು. ನಾನು ಉತ್ತರ ಹುಡುಕುತ್ತಿರುವಾಗ ಬಾವಿಕಟ್ಟೆಯ ಕಡೆ ನೋಡಿ, ನೆರಳು ಇನ್ನೂ ಬಂದಿಲ್ಲವೆಂದು ಖಚಿತ ಮಾಡಿಕೊಂಡು, ಭೂಮಿಯನ್ನು ಸುಲಿದು ತಿಂದುಬಿಟ್ಟರು!

"ಇವರ ಸೂರ್ಯನಿಗೆ ಬೇರೆ ರೇಷನ್ ಕಾರ್ಡು, ಮೋಳೇ" ಎಂದು ಅತ್ತೆ ಒಳಗಿನಿಂದ ಕೂಗಿದರು; ಮಗಳೇ ಎನ್ನುವುದಕ್ಕೆ ನಮ್ಮ ಕಡೆ ಮೋಳೇ. "ಅದಕ್ಕೆ ಅವರಿಗೆ ಬೆಳಕು ಕಡಿಮೆ ಸಿಗ್ತದೆ."

ಇಂಥ ಮನುಷ್ಯ ಹಿಮಾಲಯಕ್ಕೆ ಬಂದದ್ದು ಹೇಗೆ? ಹೋಗಬೇಕಾಗಿದ್ದವರು ನಾನು ಮತ್ತು ನನ್ನ ಕಾಲೇಜಿನ ಗೆಳತಿ. ಅವಳು ಹೊರಡುವ ಮುಂಚೆ ಕಾಲು ಉಳುಕಿಸಿಕೊಂಡಳು. ನಾನು ಮುಖ ಸಣ್ಣ ಮಾಡಿಕೊಂಡು ಕೂತಿದ್ದಾಗ ಮಾವ "ನಾನು ಬರ್ತೇನೆ" ಎಂದರು. ಅರವತ್ತು ದಾಟಿದ್ದರೂ ಒಂಟಿ ಬಿದಿರಿನ ಏಣಿಯಲ್ಲಿ ಮರದ ತುದಿಯವರೆಗೆ ಹತ್ತಿ ಮೆಣಸು ಕೊಯ್ಯುವವರು ಅವರು. ವೈದ್ಯರು ಎದೆ ಪರೀಕ್ಷೆ ಮಾಡಿ "ನನ್ನದಕ್ಕಿಂತ ಚೆನ್ನಾಗಿದೆ" ಎಂದು ಕಳಿಸಿದರು.

"ಎತ್ತರಕ್ಕೆ ಮೈ ಒಗ್ಗಬೇಕು, ಮಾವ. ಗಾಳಿ ತೆಳು ಇರ್ತದೆ."

"ಅದೆಲ್ಲ ಕಡಲತಡಿಯ ಕೋಯಿಕ್ಕೋಡಿನವರಿಗೆ ಹೇಳು. ನಾವು ಘಟ್ಟದ ಮೇಲಿನವರು. ಅರ್ಧ ಹತ್ತಿಯೇ ಹುಟ್ಟಿದ್ದೇವೆ. ಇನ್ನರ್ಧ ತಾನೇ?"

ಆದರೂ ಅಭ್ಯಾಸ ಬಿಡಲಿಲ್ಲ. ವಾರಕ್ಕೆರಡು ಸಲ ಬಸ್ಸು ಹತ್ತಿ, ಚುರ ಎಂಬ ಘಟ್ಟದ ರಸ್ತೆಯ ಒಂಬತ್ತು ತಿರುವು ಇಳಿದು, ಬುಡದ ಅಡಿವಾರದಲ್ಲಿ ಒಂದು ಚಹಾ ಕುಡಿದು, ಮುಂದಿನ ಬಸ್ಸಿನಲ್ಲಿ ಅದೇ ಒಂಬತ್ತು ತಿರುವು ಹತ್ತಿ ಮನೆಗೆ ಬರುತ್ತಿದ್ದರು. ಇಳಿದು ಹತ್ತಿ, ಇಳಿದು ಹತ್ತಿ, ರಕ್ತಕ್ಕೆ ಎತ್ತರದ ರೂಢಿಯಾಗಬೇಕಂತೆ! ಮೂರನೆಯ ವಾರ ಕಂಡಕ್ಟರ್ ಮರುಕದಿಂದ ಪಕ್ಕದಲ್ಲಿ ಕೂತು, "ಯಾರು ಗೌಡರೇ ಆಸ್ಪತ್ರೆಯಲ್ಲಿ?" ಎಂದು ಕೇಳಿದನಂತೆ. "ಯಾರೂ ಇಲ್ಲ. ಹಿಮಾಲಯಕ್ಕೆ ತಯಾರಿ" ಎಂದರಂತೆ ಮಾವ. ಅಂದಿನಿಂದ ಕಂಡಕ್ಟರ್ ಅವರ ಪಕ್ಕ ಕೂರುವುದನ್ನು ಬಿಟ್ಟ.

ಅಕ್ಟೋಬರಿನಲ್ಲಿ ಹೊರಟೆವು. ಮಾವನ ಚೀಲದಲ್ಲಿ ಮುಖ್ಯವಾಗಿ ಎರಡು ವಸ್ತು: ಸ್ವಂತ ಬಳ್ಳಿಯ ಕಾಳುಮೆಣಸಿನ ಡಬ್ಬಿ, ಮತ್ತು ನೀರು ಸೋಸುವ ಬಿಳಿ ಬಟ್ಟೆ. ಸೋಸದ ನೀರನ್ನು ಅವರು ಕುಡಿಯುವುದಿಲ್ಲ, ಅದು ಹಿಮನದಿಯಿಂದಲೇ ಇಳಿದು ಬಂದಿದ್ದರೂ! ಬೆಳಗಿನ ಹೊತ್ತು ಆ ಬಟ್ಟೆ ಹಪ್ಪಳದಂತೆ ಸೆಟೆದುಕೊಂಡಿರುತ್ತಿತ್ತು. ಮಾವ ಅದನ್ನು ಕಂಕುಳಲ್ಲಿಟ್ಟು ಕರಗಿಸಿ, ಆಮೇಲೆ ಸೋಸುತ್ತಿದ್ದರು.

ನೇಗಿ ಸುಮಾರು ನನ್ನ ಅಪ್ಪನ ವಯಸ್ಸಿನವನು. ಅವನ ಪ್ರಕಾರ ಎಲ್ಲ ಕಾಯಿಲೆಗಳಿಗೂ ಔಷಧಿ ಒಂದೇ: ಬೆಳ್ಳುಳ್ಳಿ ಸೂಪು. ಮೊದಲ ಸಂಜೆ ಬಕೆಟ್ಟಿನಷ್ಟು ದೊಡ್ಡ ಲೋಟದಲ್ಲಿ ತಂದ.

"ವೇಂಡ" ಎಂದರು ಮಾವ. ಬೇಡ ಎನ್ನುವುದಕ್ಕೂ ಅವರ ಹಿಂದಿ ಪೂರ್ತಿ ಮಲಯಾಳದಲ್ಲಿರುತ್ತಿತ್ತು.

ಆಲೂಗಡ್ಡೆ ತಂದ. ನೆಲದೊಳಗೆ ಬೆಳೆದದ್ದು, ಅದೂ ವೇಂಡ. ಈರುಳ್ಳಿಯೂ ವೇಂಡ. ನೇಗಿ ನನ್ನನ್ನು ಪಕ್ಕಕ್ಕೆ ಕರೆದು ಗುಟ್ಟಾಗಿ ಕೇಳಿದ: "ಹಾಗಾದರೆ ಇವರು ಇಷ್ಟು ದೊಡ್ಡವರಾದದ್ದು ಹೇಗೆ?"

ಮೊದಲೆರಡು ದಿನ ಮಾವ ದಾರಿಯಲ್ಲಿ ಸಿಕ್ಕ ಕಾಲೇಜು ಹುಡುಗರನ್ನೆಲ್ಲ ಹಿಂದೆ ಹಾಕಿ ನಡೆದರು. ಏದುಸಿರು ಬಿಡುವವರಿಗೆ ತಲಾ ನಾಲ್ಕು ಕಾಳು ಮೆಣಸು ಹಂಚಿದರು. ದಿನವಿಡೀ ಸ್ವಲ್ಪಸ್ವಲ್ಪ ನೀರು ಕುಡಿಯುತ್ತಲೇ ಇರಬೇಕು, ಹಗಲು ಎತ್ತರಕ್ಕೆ ಹೋಗಿ ಬಂದು ರಾತ್ರಿ ಕೆಳಗೆ ಮಲಗಬೇಕು, ಆಗಲೇ ಮೈ ಒಗ್ಗುವುದು ಎಂದು ನೇಗಿ ತಿಳಿಸಿದಾಗ ಮಾವ ನನ್ನ ಕಡೆ ಗೆಲುವಿನ ನೋಟ ಬೀರಿದರು. "ಕೇಳಿದೆಯಾ? ಅದನ್ನೇ ನಾನು ಬಸ್ಸಿನಲ್ಲಿ ಮಾಡಿದ್ದು!"

ಆ ಎರಡೂ ದಿನ ಡೇರೆ ಹಾಕಿದ್ದು ಬಯಲಿನಲ್ಲಿ. ಸೂರ್ಯ ಸಂಜೆಯವರೆಗೂ ಕಾಣುತ್ತಿದ್ದ, ಮಾವ ಕುಡಿಯುತ್ತಿದ್ದರು. ಮೂರನೆಯ ದಿನ ಸೇರಿದ್ದು ಆ ಇಕ್ಕಟ್ಟು ಕಣಿವೆಗೆ. ಪಡುವಣಕ್ಕೆ ಕಲ್ಲಿನ ಗೋಡೆ. ಸೂರ್ಯ ಮೂರು ಹತ್ತಕ್ಕೆ ಅದರ ಹಿಂದೆ ಸರಿದ, ನೆರಳು ಬಂದು ನಮ್ಮ ಡೇರೆ ಮುಟ್ಟಿತು, ಮಾವ ಮುಚ್ಚಳ ತಿರುಗಿಸಿದರು.

"ಮಾವ, ಇದು ಬೆಟ್ಟದ ನೆರಳು. ಸಂಜೆ ಅಲ್ಲ!"

"ಮನೆಯಲ್ಲಿ ಏನು ಆಕಾಶದ ನೆರಳಾ?"

ಇದಕ್ಕೆ ಉತ್ತರ ಇದ್ದರೆ ಯಾರಾದರೂ ಹೇಳಿ. ಭೂಗೋಳದ ಎಂ.ಎ.ಯಲ್ಲಿ ನನಗೆ ಸಿಗಲಿಲ್ಲ.

ಮೂಡಣಕ್ಕೂ ಗೋಡೆಯೇ ಇತ್ತಲ್ಲ! ಮರುದಿನ ಸೂರ್ಯ ಅದನ್ನು ಹತ್ತಿ ಇಣುಕುವ ಹೊತ್ತಿಗೆ ಊರಿನಲ್ಲಿ ಶಾಲೆಯ ಗಂಟೆ ಹೊಡೆಯುವ ಸಮಯ. ಕಂಡ ಮೇಲೂ ಎರಡು ಗಳಿಗೆ ಕಾಯಬೇಕೆಂಬುದು ವ್ರತದ ಇನ್ನೊಂದು ಕಲಂ. ಹೀಗೆ ಮೈ ಒಗ್ಗಿಸಿಕೊಳ್ಳಲೆಂದು ಇಡೀ ದಿನ ವಿಶ್ರಾಂತಿಗೆ ಉಳಿದ ಜಾಗದಲ್ಲಿ ಮಾವನ ಮೈಗೆ ನೀರು ಸಿಕ್ಕಿದ್ದು ಒಂದು ಸಿನಿಮಾ ಎರಡು ಸಲ ನೋಡುವಷ್ಟು ಹೊತ್ತು ಮಾತ್ರ. ಅದರಲ್ಲೂ ಅರ್ಧ ಹೊತ್ತು ಬಟ್ಟೆ ಕರಗಿಸುವುದಕ್ಕೇ ಹೋಯಿತು. ತಲೆನೋವು ಇದೆಯೆಂದು ಅವರು ಹೇಳಲಿಲ್ಲ. ಮೆಣಸು ಜಗಿಯುತ್ತಿದ್ದರು, ಅಷ್ಟೇ. ಊಟ ಬೇಡವೆಂದರು. ನಾನು ವ್ರತದ ಲೆಕ್ಕದಲ್ಲಿ ಅದನ್ನೂ ಬರೆದುಕೊಂಡೆ.

ಅಂದು ಮತ್ತೆ ನೆರಳು ಬಂದಾಗ ಡೇರೆಯ ಮುಂದೆ ಕೂತಿದ್ದ ಮಾವ ನನ್ನ ಕಡೆ ತಿರುಗಿ, "ಮೆಣಸು ಒಳಗೆ ತಂದ್ರಾ? ಮಳೆ ಬರ್ತದೆ" ಎಂದರು.

ನಾನು ನಕ್ಕೆ. ತಮಾಷೆ ಎಂದುಕೊಂಡೆ. ಅಕ್ಟೋಬರಿನಲ್ಲಿ ಮೆಣಸು ಇನ್ನೂ ಹಸಿರಾಗಿ ಬಳ್ಳಿಯಲ್ಲೇ ಇರುತ್ತದೆ. ಮಾವನಿಗೆ ಅದು ಗೊತ್ತಿಲ್ಲವೇ?

"ಚಾಪೆ ಮಡಚು, ಬೇಗ" ಎಂದರು ಮಾವ. ಈ ಸಲ ನನ್ನನ್ನು ಕರೆದದ್ದು ಅತ್ತೆಯ ಹೆಸರಿನಿಂದ.

ನೇಗಿ ಕೋಲು ತೆಗೆದುಕೊಂಡು ನೆಲದ ಮೇಲೆ ಒಂದು ಗೆರೆ ಎಳೆದು, ಅದರ ಮೇಲೆ ನಡೆಯಿರಿ ಎಂದು ಸನ್ನೆ ಮಾಡಿದ. ಮಾವ "ಇದಾ?" ಎಂದು ನಕ್ಕರು. ಒಂದು ಬಿದಿರಿನ ಮೇಲೆ ಆಕಾಶಕ್ಕೆ ಹತ್ತುವ ಮನುಷ್ಯ! ಎರಡು ಹೆಜ್ಜೆ ಇಟ್ಟರು. ಮೂರನೆಯದು ಗೆರೆಯ ಮೇಲೆ ಬೀಳಲಿಲ್ಲ. ಎಡಕ್ಕೆ ವಾಲಿ, ಕುಸಿದು ಕೂತು, "ನೆಲ ಯಾಕೆ ಅಲುಗಾಡ್ತಿದೆ ಮೋಳೇ?" ಎಂದು ಮಗುವಿನಂತೆ ಕೇಳಿದರು.

ಈಗಲೂ ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಉದ್ದ ಗೆರೆ ಎಳೆಯುವಾಗ ನನ್ನ ಕೈ ಅರ್ಧದಲ್ಲಿ ನಿಲ್ಲುತ್ತದೆ.

"ಎತ್ತರ ತಲೆಗೇರಿದೆ. ಕೆಳಗೆ ಇಳಿಸಬೇಕು, ಈಗಲೇ" ಎಂದ ನೇಗಿ. ಕೈಯಲ್ಲಿ ಮಾತ್ರೆ ಹಿಡಿದಿದ್ದ. "ಮೊದಲು ಇದು, ನೀರು."

"ವೇಂಡ. ಸಂಜೆಯಾಯಿತು."

ಊರು ಮರೆತಿತ್ತು, ತಿಂಗಳು ಮರೆತಿತ್ತು, ನಾನು ಯಾರೆಂಬುದು ಮರೆತಿತ್ತು. ವ್ರತ ಮಾತ್ರ ಗಟ್ಟಿಯಾಗಿ ಕೂತಿತ್ತು! ಎಬ್ಬಿಸಲು ಹೋದರೆ ಕಲ್ಲು ಹಿಡಿದು ಕೂತರು. ಸಂಜೆಯ ಮೇಲೆ ಮನೆ ಬಿಟ್ಟು ಎಲ್ಲಿಗೆ ಹೋಗುವುದು ಎಂಬ ಹಟ. ನಾನು ಅಳತೊಡಗಿದೆ. ಬೈದೆ. ಕಾಲು ಹಿಡಿದೆ. ಆಮೇಲೆ ಕಣ್ಣೊರೆಸಿಕೊಂಡು ತಲೆಯೆತ್ತಿದಾಗ ಕಂಡಿತು: ದೂರ, ಕೆಳಗೆ, ಕಣಿವೆ ಪಡುವಣಕ್ಕೆ ತಿರುಗುವಲ್ಲಿ ನೆಲದ ಮೇಲೆ ಚಾಪೆಯಷ್ಟು ಹಳದಿ ಬಿಸಿಲು.

"ಮಾವ! ಅಲ್ಲಿ ನೋಡಿ. ಅಲ್ಲಿ ಇನ್ನೂ ಸಂಜೆಯಾಗಿಲ್ಲ!"

ಮಾವ ಕಣ್ಣು ಕಿರಿದು ಮಾಡಿ ನೋಡಿದರು. ನ್ಯಾಯಾಧೀಶರ ಹಾಗೆ ಬಹಳ ಹೊತ್ತು ಯೋಚಿಸಿದರು.

"ಶರಿ" ಎಂದರು. "ಅಲ್ಲಿ ಕುಡಿಯಬಹುದು."

ಹಿಮಾಲಯದಲ್ಲಿ ಎಲ್ಲರೂ ಶಿಖರದ ಬೆನ್ನು ಹತ್ತುತ್ತಾರೆ. ನಾವು ಮೂವರು ಬಿಸಿಲಿನ ಬೆನ್ನು ಹತ್ತಿ ಇಳಿದೆವು! ಎಡಗಡೆ ನೇಗಿ, ಬಲಗಡೆ ನಾನು, ನಡುವೆ ಮಾವ ತೂರಾಡುತ್ತ, ಮಳೆ ಬರುತ್ತದೆಂದು ಗೊಣಗುತ್ತ. ಬಿಸಿಲು ತಲುಪಿದೆವು. ಮಾತ್ರೆ ಮುಂದಿಟ್ಟೆವು. "ಬಟ್ಟೆ?" ಎಂದರು ಮಾವ. ಜೀವ ಹೋಗುತ್ತಿರುವಾಗ ಸೋಸುವ ಬಟ್ಟೆ! ನೇಗಿ ಹಣೆ ಚಚ್ಚಿಕೊಂಡು, ಎರಡೂ ಕೈಯಲ್ಲಿ ಬಟ್ಟೆ ಹಿಡಿದು ನಿಂತ. ಸೋಸಿದೆ. ಕುಡಿದರು. ಮಾತ್ರೆ ನುಂಗಿದರು. ಎರಡನೆಯ ಲೋಟ ಅರ್ಧವಾಗುವಷ್ಟರಲ್ಲಿ ನೆರಳು ಬಂದು ಅವರ ಬೂಟು ಮುಟ್ಟಿತು, ಲೋಟ ಕೆಳಗಿಟ್ಟರು.

"ಧೂಪ್! ಬಿಸಿಲು! ಅಲ್ಲಿ, ಬಂಡೆಯ ಹತ್ತಿರ!" ನೇಗಿ ಕೂಗಿದ. ಈಗ ಅವನಿಗೂ ಹುಚ್ಚು ಹಿಡಿದಿತ್ತು. ಮತ್ತೆ ಇಳಿತ, ಮತ್ತೆ ಬಿಸಿಲು, ಮತ್ತೆ ಬಟ್ಟೆ, ಮತ್ತೆ ನೀರು. ಎದುರಿನಿಂದ ಹತ್ತಿ ಬರುತ್ತಿದ್ದ ಹುಡುಗರು ದಾರಿ ಬಿಟ್ಟು ನಿಂತು, ಬೆಟ್ಟದ ಮೇಲೆ ಬಟ್ಟೆ ಹರಡಿಕೊಂಡು ಓಡುವ ಈ ಮೂವರನ್ನು ನೋಡಿದರು. ಪ್ರತಿ ಬಿಸಿಲಿಗೂ ಮಾವನ ತೂಕ ನನ್ನ ಹೆಗಲ ಮೇಲಿಂದ ಸ್ವಲ್ಪ ಇಳಿಯುತ್ತಿತ್ತು. ಕೊನೆಗೆ ಕೆಳಗಿನ ಹುಲ್ಲುಗಾವಲು ಬಂತು. ಅಲ್ಲಿ ಊರಿನವರೆಲ್ಲರ ಸೂರ್ಯ ಇನ್ನೂ ಆರಾಮಾಗಿ ಕೂತಿದ್ದ. ಮಾವ ತಂಬಿಗೆ ಪೂರ್ತಿ ಕುಡಿದು, ಸುತ್ತ ನೋಡಿ, ನನ್ನನ್ನು ಕೇಳಿದರು: "ಮೆಣಸಿನ ವಿಷಯ ಯಾರು ಹೇಳ್ತಿದ್ದದ್ದು? ಈಗ ಎಲ್ಲಿಯ ಮೆಣಸು?"

ನೇಗಿ ನೆಲದ ಮೇಲೆ ಅಂಗಾತ ಮಲಗಿ, ಮೇಲಿನ ದಾರಿಯನ್ನು ತೋರಿಸಿ "ವೇಂಡ" ಎಂದ. ಅವನು ಕಲಿತ ಮೊದಲ ಮಲಯಾಳ!

ಊರಿಗೆ ಬಂದ ಮೇಲೆ ಮಾವ ಚಹಾದಂಗಡಿಯಲ್ಲಿ ಈ ಕತೆಯನ್ನು ಹೇಳಿದ್ದೇ ಹೇಳಿದ್ದು. ಅವರ ಕತೆಯಲ್ಲಿ ನೇಗಿಗೆ ಮತ್ತು ನನಗೆ ತಲೆತಿರುಗಿ, ಅವರು ಇಬ್ಬರನ್ನೂ ಹಿಡಿದು ಕೆಳಗಿಳಿಸುತ್ತಾರೆ! ಎಲ್ಲರ ಜೊತೆ ನಾನೂ ನಗುತ್ತಿದ್ದೆ. ಆದರೆ ರಾತ್ರಿ ಕಣ್ಣು ಮುಚ್ಚಿದರೆ ಸಾಕು, ಮೂರನೆಯ ಹೆಜ್ಜೆ ಗೆರೆ ಬಿಟ್ಟು ಹೋಗುತ್ತಿತ್ತು. ಎದ್ದು ಹೋಗಿ ಅವರ ಕೋಣೆಯ ಬಾಗಿಲ ಬಳಿ ನಿಂತು, ಉಸಿರು ಕೇಳಿಸಿದ ಮೇಲೆ ವಾಪಸು ಬರುತ್ತಿದ್ದೆ. ಮತ್ತೆ ಎದ್ದು ಹೋಗುತ್ತಿದ್ದೆ. ಹಗಲು ಬಾವಿಕಟ್ಟೆಯ ಕಡೆ ನೆರಳು ತೆವಳುವುದನ್ನು ಕಂಡರೆ ಎದ್ದು ಒಳಗೆ ಹೋಗಿಬಿಡುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಹೇಳುವುದೇನು? ಮನೆಯ ಗುಡ್ಡಕ್ಕೆ ಹೆದರುತ್ತೇನೆ ಎಂದೇ?

ಒಂದು ಭಾನುವಾರ ನೆರಳು ಬಾವಿಕಟ್ಟೆಯನ್ನು ಮುಟ್ಟಿತು. ಮಾವ ಅಡುಗೆಮನೆಯಿಂದ ತಂಬಿಗೆ, ಲೋಟ, ಸೋಸುವ ಬಟ್ಟೆ ಹಿಡಿದು ಹೊರಗೆ ಬಂದರು.

"ಮೋಳೇ, ಬಾ."

"ಎಲ್ಲಿಗೆ ಹೊರಟಿದ್ದೀರಿ? ನೆರಳು ಬಂತಲ್ಲ?" ಎಂದರು ಅತ್ತೆ.

"ಇಲ್ಲಿ ಬಂತು" ಎಂದರು ಮಾವ.

ಅವರು ಮುಂದೆ, ನಾನು ಹಿಂದೆ. ಮೆಣಸಿನ ಬಳ್ಳಿಗಳ ನಡುವೆ, ಕಾಫಿ ಗಿಡಗಳ ನಡುವೆ ಹತ್ತಿದೆವು. ಇಷ್ಟು ವರ್ಷ ಬಾಯಿ ಮುಚ್ಚಿಸಿದ ಗುಡ್ಡದ ನೆತ್ತಿಗೆ ಆ ಹೊತ್ತಿನಲ್ಲಿ ಅವರು ಹೋದದ್ದು ಅದೇ ಮೊದಲು. ಮೇಲೆ ಬಾಣಾಸುರ ಬೆಟ್ಟದ ಕಡೆಯಿಂದ ಬಿಸಿಲು ಧಾರಾಳವಾಗಿ ಸುರಿಯುತ್ತಿತ್ತು. ಮಾವ ಬಂಡೆಯ ಮೇಲೆ ಕೂತು, ಬಟ್ಟೆ ಹಾಕಿ, ಲೋಟಕ್ಕೆ ನೀರು ಸೋಸಿ, ನನ್ನ ಮುಖ ನೋಡುತ್ತ ಒಂದೊಂದೇ ಗುಟುಕು ಕುಡಿದರು. ಇನ್ನೊಂದು ಲೋಟ ಸುರಿದುಕೊಂಡು ಅದನ್ನೂ ಕುಡಿದರು. ಆಮೇಲೆ ಖಾಲಿ ಲೋಟವನ್ನು ಬೋರಲು ಹಿಡಿದು, ಒಂದು ಹನಿಯೂ ಉಳಿದಿಲ್ಲವೆಂದು ತೋರಿಸಿದರು.

"ನೋಡಿದೆಯಲ್ಲ? ಇನ್ನು ದಿನಾ ಇಲ್ಲೇ ಕುಡಿಯೋದು. ನೀನು ಬಾಗಿಲ ಹತ್ತಿರ ಬಂದು ನಿಂತುಕೊಳ್ಳಬೇಡ."

"ನೀವು ಎದ್ದಿರ್ತಿದ್ರಾ?"

"ನೀನು ವಾಪಸು ಹೋಗಿ ಮಲಗಿದ ಶಬ್ದ ಕೇಳೋವರೆಗೆ ನನಗೆ ಹೇಗೆ ನಿದ್ದೆ ಬರಬೇಕು?" ಎಂದು ಅವರು ಬಟ್ಟೆ ಹಿಂಡಿ, ಮಡಚಿ, ಹೆಗಲ ಮೇಲೆ ಹಾಕಿಕೊಂಡರು.

ಇಳಿಯುವಾಗ ಅವರು ಕೈ ಚಾಚಿದರು. ಬೇಕಾಗಿರಲಿಲ್ಲ, ಆದರೂ ಹಿಡಿದುಕೊಂಡೆ. ಆ ಭಾನುವಾರ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಎದ್ದು ಓಡಾಡಲಿಲ್ಲ. ನನಗೆ ಎಚ್ಚರವಾದಾಗ ಬಾವಿಕಟ್ಟೆಯ ಮೇಲೆ ಬಿಸಿಲು ಬಿದ್ದಿತ್ತು. ಅತ್ತೆ ಅಂಗಳದಲ್ಲಿ ನಿಂತು, ಇನ್ನೂ ಏಳದ ಇಬ್ಬರಿಗೂ ಕೇಳಿಸಲೆಂದು ಪಾತ್ರೆ ಬಡಿಯುತ್ತಿದ್ದರು.