ಎರಡು ರಿಮೋಟು, ಇಬ್ಬರು ಬೀಗರು

ಕೆಲವರು ಮುಟ್ಟಿದರೆ ಸಸಿ ಚಿಗುರುತ್ತದೆ. ನನ್ನ ಕೈಗೆ ಸ್ಕ್ರೂಡ್ರೈವರ್ ಬಂದರೆ ಸಾಕು, ಮನೆಯಲ್ಲಿ ಒಂದಲ್ಲ ಒಂದು ಫಜೀತಿ ಆಗಿಯೇ ತೀರುತ್ತದೆ. ಶಹಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ ನಾನು, ಯಂತ್ರ ಕಂಡರೆ ಬಿಚ್ಚದೆ ಬಿಡುವವನಲ್ಲ. ಒಮ್ಮೆ ಮಿಕ್ಸರ್ ಬಿಚ್ಚಿದೆ. ಅವತ್ತಿನಿಂದ ಹೆಂಡತಿ ಒಳಕಲ್ಲಿನಲ್ಲಿ ರುಬ್ಬುತ್ತಾಳೆ. ಈಗ ಹೇಳುವುದು ಮಗಳ ಜವಳದ, ಅಂದರೆ ಮೊದಲ ಕೂದಲು ತೆಗೆಸುವ, ವಾರ ನಡೆದದ್ದು.

ಮೊದಲು ನಮ್ಮ ಬೀಗರಿಬ್ಬರ ಸಂಗತಿ ತಿಳಿದಿರಲಿ. ನನ್ನ ಮಾವನವರ, ಅಂದರೆ ಹೆಂಡತಿಯ ತಂದೆಯ, ಹೊಲ ಇರುವುದು ಕೆಂಭಾವಿ ಕಡೆ, ಕಾಲುವೆಯ ಆರಂಭದಲ್ಲೇ. ಅಲ್ಲಿ ಭತ್ತ ಮೊಣಕಾಲುದ್ದದ ನೀರಿನಲ್ಲಿ ನಿಂತು ತೂಗುತ್ತದೆ. ನನ್ನ ದೊಡ್ಡಪ್ಪನ ಹೊಲ ಅದೇ ಕಾಲುವೆಯ ಕಟ್ಟಕಡೆಗೆ. ಅಲ್ಲಿಗೆ ನೀರು ಬರುವುದಿಲ್ಲ, ನೀರು ಬಿಟ್ಟಿದ್ದಾರೆ ಎಂಬ ಸುದ್ದಿ ಮಾತ್ರ ಬರುತ್ತದೆ. ನೀರಾವರಿ ಕಚೇರಿಗೆ ಹೋಗಿ ಕೇಳಿದರೆ ಅರ್ಜಿ ಬರೆದು ಕೊಡಿ ಎನ್ನುತ್ತಾರೆ. ಮೇಲಿನವರು ಎಲ್ಲ ಕುಡಿದುಬಿಡುತ್ತೀರಿ ಎಂದು ದೊಡ್ಡಪ್ಪ ಒಮ್ಮೆ ಅಂದರು. ನೀರು ನನ್ನ ಕೇಳಿ ಹರಿಯುತ್ತದೇನು ಎಂದು ಮಾವನವರು ಅಂದರು. ಮಾತಿಗೆ ಮಾತು ಬೆಳೆದು, ಬೀಗರಿಬ್ಬರೂ ಮಾತು ಬಿಟ್ಟು ಎರಡು ಹಂಗಾಮು ಕಳೆದಿತ್ತು. ನಾದಿನಿಯ ಮದುವೆಯಲ್ಲಂತೂ ಬೆನ್ನಿಗೆ ಬೆನ್ನು ಹಾಕಿ ಕುಳಿತು ಹೋಳಿಗೆ ತಿಂದಿದ್ದರು.

ಜವಳಕ್ಕೆ ಇಬ್ಬರೂ ಬರಲೇಬೇಕು. ನಮ್ಮ ತಂದೆ ಹೋದ ಮೇಲೆ ನಮಗೆ ಹಿರಿಯರು ದೊಡ್ಡಪ್ಪನೇ. ಹೆಂಡತಿಗೆ ಗುಡಿಯಲ್ಲಿ ಏನಾಗುತ್ತದೋ ಎಂಬ ಹೆದರಿಕೆ ಇರಲಿಲ್ಲ. ಗುಡಿಯಿಂದ ಮನೆಗೆ ಬಂದು, ಊಟಕ್ಕೆ ಎಲೆ ಹಾಕುವವರೆಗೆ ಒಂದೇ ಪಡಸಾಲೆಯಲ್ಲಿ ಇಬ್ಬರೂ ಕೂರಬೇಕಲ್ಲ, ಆ ಒಂದು ತಾಸಿನದೇ ಹೆದರಿಕೆ.

“ನನ್ನ ಮಗಳ ಜವಳದಾಗ ಇವರಿಬ್ಬರು ಜಗಳ ತೆಗದ್ರ ನಾ ಆಮ್ಯಾಲ ಯಾರ ಮಾರಿನೂ ನೋಡಂಗಿಲ್ಲ,” ಅಂದಳು. ಅವಳ ಕಣ್ಣಲ್ಲಿ ನೀರಿತ್ತು.

ನನಗೆ ಕರುಳು ಚುರುಕ್ ಎಂದಿತು. ಕರುಳು ಚುರುಕ್ ಎಂದಾಗ ನಾನು ಹೆಚ್ಚು ಮಾತಾಡುತ್ತೇನೆ. ಇಬ್ಬರನ್ನೂ ಟಿ.ವಿ. ಮುಂದೆ ಕೂರಿಸಿ, ಕೈಗೊಂದೊಂದು ರಿಮೋಟು ಕೊಟ್ಟು, ಟ್ರ್ಯಾಕ್ಟರ್ ಓಡಿಸುವ ಆಟಕ್ಕೆ ಹಚ್ಚುತ್ತೇನೆ, ಜಗಳಕ್ಕೆ ಪುರಸೊತ್ತೇ ಸಿಗಬಾರದು, ಎಂದು ಮಾತು ಕೊಟ್ಟುಬಿಟ್ಟೆ. ಇಬ್ಬರಿಗೂ ಟ್ರ್ಯಾಕ್ಟರ್ ಅಂದರೆ ಪ್ರಾಣ. ಉಪಾಯವೇನೋ ಚೆನ್ನಾಗಿತ್ತು.

೧. ಉಳಿದದ್ದು ಎಲ್ಲಿ?

ಆಟಕ್ಕೆಂದು ನಾನು ತರಿಸಿದ ಕಂಪ್ಯೂಟರು ಅಂಗೈಯಷ್ಟು ದೊಡ್ಡದು. ನನ್ನಂಥ ಹವ್ಯಾಸದವರಿಗೆಂದೇ ಮಾಡಿದ್ದು. ಪರದೆ ಇಲ್ಲ, ಕೀಲಿಮಣೆ ಇಲ್ಲ. ಒಂದು ಹಸಿರು ಹಲಗೆ, ಅದರ ಅಂಚಿಗೆ ನಾಲ್ಕಾರು ತೂತು. ಒಂದು ತೂತಿನಿಂದ ಟಿ.ವಿ.ಗೆ ವಾಯರು, ಉಳಿದವಕ್ಕೆ ಆಟದ ರಿಮೋಟು.

ನನ್ನ ತಾಯಿ ಅದನ್ನು ಎತ್ತಿ, ತಿರುವಿ, ಮರಳಿ ಡಬ್ಬಿಯೊಳಗೆ ಇಣುಕಿ, ಥರ್ಮಾಕೋಲನ್ನೂ ಜಾಡಿಸಿ ನೋಡಿದಳು. ಉಳಿದದ್ದು ನಾಳೆ ಬರುತ್ತದೆಯೇ ಎಂದು ಕೇಳಿದಳು. ಇರುವುದೇ ಇಷ್ಟು ಎಂದೆ. ನಾನು ಪೂರ್ತಿ ಮೋಸ ಹೋಗಿದ್ದೇನೆಂದು ಅವಳಿಗೆ ಖಾತ್ರಿಯಾಯಿತು.

ಸಂಜೆಗೆ ಪಕ್ಕದ ಮನೆಯಾಕೆ, ಮಾಸ್ತರರು ಕಂಪ್ಯೂಟರ್ ತಂದಿದ್ದಾರಂತೆ ಎಂದು ನೋಡಲು ಬಂದಳು. ಟಿ.ವಿ. ಪಕ್ಕದ ಹಸಿರು ಹಲಗೆ ನೋಡಿ ಮುಖ ಸಣ್ಣ ಮಾಡಿದಳು. ಮನೆತನದ ಮರ್ಯಾದೆ ಹೋಗುವ ಹೊತ್ತು. ತಾಯಿ ಕೂಡಲೇ ಅಂದಳು:

“ಇದು ಸ್ಯಾಂಪಲ್ ಅದವ್ವ. ಮನಸಿಗೆ ಸೇರಿದ್ರ ದೊಡ್ಡದು ತರ್ತಾನ.”

೨. ಹೌದೋ, ಇಲ್ಲವೋ

ರಿಮೋಟು ಚುಚ್ಚಿದೆ. ಕಂಪ್ಯೂಟರು ಅದನ್ನು ಗುರುತೇ ಹಿಡಿಯಲಿಲ್ಲ. ರಿಮೋಟಿನ ಮಾತು ಯಂತ್ರಕ್ಕೆ ತಿಳಿಯಬೇಕಾದರೆ ಇಬ್ಬರ ನಡುವೆ ನಿಂತು ಅದನ್ನು ಮುಟ್ಟಿಸುವ ಒಂದು ಸಣ್ಣ ತಂತ್ರಾಂಶ ಬೇಕು, ಅದಕ್ಕೆ ಡ್ರೈವರ್ ಎನ್ನುತ್ತಾರೆ, ಅದನ್ನು ಹಾಕಿದರೆ ಆಯಿತು ಎಂದು ಹೆಂಡತಿಗೆ ವಿವರಿಸಿದೆ. ಅವಳು ಒಗ್ಗರಣೆ ಹಾಕುತ್ತಲೇ, ನಮ್ಮಪ್ಪನಿಗೂ ನಿಮ್ಮ ದೊಡ್ಡಪ್ಪನಿಗೂ ನಡುವೆ ಹಾಕುವಂಥದ್ದೇ ಸಿಗುವುದಿಲ್ಲವೇನು, ಆಟ ಯಾಕೆ ಬೇಕಿತ್ತು ಎಂದು ಕೇಳಿದಳು.

ಡ್ರೈವರ್ ಹಾಕುವ ದಿನ ನಮ್ಮ ಶಾಲೆಯ ಪಿ.ಟಿ. ಮಾಸ್ತರರು ಶಾಲೆಯದೇ ಒಂದು ಕೀಲಿಮಣೆ ಹಿಡಿದುಕೊಂಡು ನೆರವಿಗೆ ಬಂದರು. ಕೊರಳಲ್ಲಿ ಸೀಟಿ ಹಾಗೇ ಇತ್ತು. ಟಿ.ವಿ. ಮೇಲೆ ಬಿಳಿ ಅಕ್ಷರ ಸಾಲುಸಾಲಾಗಿ ಓಡುತ್ತಿದ್ದವು. ನಡುನಡುವೆ ಯಂತ್ರ ನಿಂತು, ಮುಂದುವರಿಯಲೇ, ಹೌದೋ ಇಲ್ಲವೋ, ಎಂದು ಕೇಳುತ್ತಿತ್ತು. ನಾನು ಹೌದು ಎನ್ನುತ್ತಿದ್ದೆ. ಮಾಸ್ತರರಿಗೆ ಇದು ಸರಿಬರಲಿಲ್ಲ. ನಮ್ಮ ಸೀಮೆಯಲ್ಲಿ ಹೆಣ್ಣು ಕೇಳಲಿ, ಎತ್ತು ಕೇಳಲಿ, ಮೊದಲ ಸಲಕ್ಕೆ ಯಾರೂ ಹೌದು ಎನ್ನುವುದಿಲ್ಲ, ‘ನೋಡೂಣು’ ಎನ್ನುತ್ತಾರೆ. ಇಷ್ಟು ಸಲ ಕೇಳುತ್ತದೆ ಅಂದರೆ ಇದರಲ್ಲೇನೋ ಮಸಲತ್ತು ಇದೆ, ನೋಡೂಣು ಅಂತ ಹೇಳಿ ಸರ, ಎಂದು ಅವರು ಒತ್ತಾಯ ಮಾಡಿದರು. ಅದಕ್ಕೆ ಆ ಮಾತು ತಿಳಿಯುವುದಿಲ್ಲ, ಹೌದು ಇಲ್ಲ ಎರಡೇ ತಿಳಿಯುವುದು ಎಂದು ಹೇಳಿ, ಚಹಾ ತರಲು ಒಳಗೆ ಹೋದೆ.

ಬಂದು ನೋಡಿದರೆ ಅಕ್ಷರಗಳ ಓಟ ನಿಂತಿದೆ. ಊಟದ ಹೊತ್ತಿನಿಂದ ಇಳಿಯುತ್ತಿದ್ದ ಡ್ರೈವರು ಅರ್ಧಕ್ಕೇ ಬಿದ್ದಿದೆ. ಮಾಸ್ತರರು ಕೀಲಿಮಣೆಯಿಂದ ಕೈ ತೆಗೆದು ಮಂಡಿಯ ಮೇಲಿಟ್ಟುಕೊಂಡು ಕುಳಿತಿದ್ದಾರೆ. ಏನು ಮಾಡಿದಿರಿ ಎಂದೆ.

“ಬರೇ ಒಂದು ಸಲ ಇಲ್ಲ ಅಂದೀನ್ರಿ ಸರ. ಗರಜ ಇದ್ರ ಅದ ಮತ್ತ ಕೇಳ್ತದ.”

೩. ಬಸ್‌ಸ್ಟ್ಯಾಂಡಿನ ವೈದ್ಯ

ಅದು ಮತ್ತೆ ಕೇಳಲಿಲ್ಲ. ಜವಳ ಹತ್ತಿರ ಬರುತ್ತಿತ್ತು, ಹೆಂಡತಿ ದಿನಾ ಬೆಳಿಗ್ಗೆ ಆಯಿತೇ ಎಂದು ಕೇಳುತ್ತಿದ್ದಳು. ಮಾನ ಬಿಟ್ಟು ಬಸ್‌ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಗೆ ಯಂತ್ರವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದೆ.

ಅಂಗಡಿಯವನು ಮಾತಿನ ಮಲ್ಲ. ಡ್ರೈವರ್ ಅಂದ ತಕ್ಷಣ, ಅದು ಬಿಡಿ ಸಾರ್, ಎಡಗೈ ಆಟ, ಎಂದ. ಯಂತ್ರವನ್ನು ಹಿಂದೆ ಮುಂದೆ ನೋಡಿದ, ಊದಿದ, ಬ್ರಷ್ಷಿನಿಂದ ಉಜ್ಜಿದ. ಆಮೇಲೆ ಇಂಥ ನಾಜೂಕು ಮಾಲನ್ನು ಬರೀ ಮೈಯಲ್ಲಿ ಇಟ್ಟಿದ್ದೀರಲ್ಲ ಎಂದು ನನ್ನನ್ನೇ ಬೈದ. ಹೊರಗೆ ಬಸ್ಸಿನವರು ಸುರಪುರ, ಸುರಪುರ ಎಂದು ಕೂಗುತ್ತಿದ್ದ ಗದ್ದಲದಲ್ಲಿ ಅವನು ಏನು ಹೇಳಿದ, ನಾನು ಯಾವುದಕ್ಕೆ ಹೂಂ ಅಂದೆ, ಒಂದೂ ನೆನಪಿಲ್ಲ.

ಮನೆಗೆ ಬಂದು ಕರವಸ್ತ್ರ ಬಿಚ್ಚಿದೆ. ಡ್ರೈವರು ಬಿದ್ದಲ್ಲೇ ಬಿದ್ದಿತ್ತು. ಪರದೆಯೇ ಇಲ್ಲದ ಕಂಪ್ಯೂಟರಿಗೆ ಅವನು ಸ್ಕ್ರೀನ್ ಗಾರ್ಡ್ ಹಾಕಿ ಕಳಿಸಿದ್ದ.

೪. ಎಡಕ್ಕೆ

ಕೊನೆಗೆ ರೋಗ ನನಗೇ ಸಿಕ್ಕಿತು. ಕಂಪ್ಯೂಟರಿನ ಒಳಗಿನ ವ್ಯವಸ್ಥೆ ಹೊಸದು, ನಾನು ಹಾಕುತ್ತಿದ್ದ ಡ್ರೈವರು ಹಳೆಯದು. ಎರಡಕ್ಕೂ ಕೂಡಿಬರುತ್ತಿರಲಿಲ್ಲ. ಹೊಸ ಡ್ರೈವರು ಹುಡುಕಿ ಹಾಕಿ, ಯಂತ್ರವನ್ನು ಆರಿಸಿ ಹಚ್ಚಿದೆ. ರಿಮೋಟಿನಲ್ಲಿ ಹಸಿರು ದೀಪ ಬಂತು. ಟಿ.ವಿ.ಯಲ್ಲಿ ಕೆಂಪು ಟ್ರ್ಯಾಕ್ಟರು ಧೂಳೆಬ್ಬಿಸಿ ಓಡಿತು. ಎರಡನೆಯ ರಿಮೋಟನ್ನೂ ಹಾಕಿ ನೋಡಿದೆ, ಅದೂ ಸೈ. ಆ ಖುಷಿಯಲ್ಲಿ ಹೆಂಡತಿ ಮಾಡಿದ ಉಪ್ಪಿಲ್ಲದ ಪಲ್ಯವನ್ನೂ ಹೊಗಳಿದೆ.

ಮರುದಿನ ಶಾಲೆಯಿಂದ ಬಂದು ಕುಳಿತರೆ ಟ್ರ್ಯಾಕ್ಟರು ಎಡಕ್ಕೇ ಹೋಗುತ್ತದೆ. ನೆಟ್ಟಗೆ ಒತ್ತಿದರೂ ಎಡಕ್ಕೆ, ಬಲಕ್ಕೆ ಒತ್ತಿದರೂ ಎಡಕ್ಕೆ, ಒತ್ತದೆ ಸುಮ್ಮನಿದ್ದರೂ ಎಡಕ್ಕೆ. ಡ್ರೈವರನ್ನು ಕಿತ್ತು ಮತ್ತೆ ಹಾಕಿದೆ. ಎಡಕ್ಕೆ. ತಲೆ ಕೆಟ್ಟು ರಿಮೋಟನ್ನೇ ಬಿಚ್ಚಿದೆ. ಒಳಗೆ ಕೆಂಪಗೆ, ತುಂಬಿ ಕೂತಿದೆ ಕುಂಕುಮ.

ಅವತ್ತು ಶುಕ್ರವಾರ. ಹೊಸ ಯಂತ್ರ ಮನೆಗೆ ಬಂದು ನಾಲ್ಕು ದಿನವಾದರೂ ಪೂಜೆ ಕಂಡಿಲ್ಲವೆಂದು, ನಾನಿಲ್ಲದಾಗ ತಾಯಿ ರಿಮೋಟಿಗೆ ಅರಿಷಿಣ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಉಳಿದ ಕುಂಕುಮವನ್ನು ಗುರಿ ಇಟ್ಟಂತೆ ಗುಂಡಿಯ ಬುಡಕ್ಕೆ ಸುರಿದಿದ್ದಳು. ತಾಯಿಯನ್ನು ಬೈಯಲಾದೀತೇ. ಕುಂಕುಮವನ್ನೆಲ್ಲ ಬ್ರಷ್ಷಿನಿಂದ ಕೆರೆದು ತೆಗೆಯುತ್ತ, ನಿನ್ನ ಪೂಜೆಯಿಂದ ಟ್ರ್ಯಾಕ್ಟರು ಎಡಕ್ಕೆ ಹೋಗುತ್ತಿದೆ ಎಂದು ಮೆಲ್ಲಗೆ ತಿಳಿಸಿದೆ. ಅವಳು ಒಪ್ಪಲಿಲ್ಲ.

“ಪೂಜಿ ಏನ್ ಮಾಡ್ತದ? ಅದನ್ನ ಒಳಗ ತರಾಗ ನೀ ಹೊಸ್ತಿಲದಾಗ ಎಡಗಾಲ ಇಟ್ಟಿದ್ದಿ. ನಾ ನೋಡೀನಿ.”

೫. ಗುಡಿಯಿಂದ ಬಂದ ಮೇಲೆ

ಜವಳ ಚೆನ್ನಾಗಿಯೇ ಆಯಿತು. ಮಗಳು ಅತ್ತಳು, ಬೋಳಾದಳು, ಬೆಲ್ಲ ಬಾಯಿಗೆ ಬಿದ್ದ ಮೇಲೆ ನಕ್ಕಳು. ಗುಡಿಯಲ್ಲಿ ಬೀಗರಿಬ್ಬರೂ ಕಂಬದ ಆಚೆ ಒಬ್ಬರು, ಈಚೆ ಒಬ್ಬರು ನಿಂತಿದ್ದರು. ಮನೆಗೆ ಬಂದ ಕೂಡಲೇ ನಾನು ಕಾಯದೆ ಇಬ್ಬರನ್ನೂ ಪಡಸಾಲೆಯ ಜಮಖಾನದ ಮೇಲೆ ಕೂರಿಸಿ ರಿಮೋಟು ಕೊಟ್ಟು, ಯಾವ ಗುಂಡಿ ಒತ್ತಿದರೆ ಓಡುತ್ತದೆ, ಯಾವುದು ಬ್ರೇಕು ಎಲ್ಲ ಹೇಳಿಕೊಟ್ಟೆ. ಟಿ.ವಿ.ಯನ್ನು ಆಟವೇ ಎರಡು ಪಾಲು ಮಾಡಿತ್ತು: ಮೇಲಿನ ಅರ್ಧದಲ್ಲಿ ಮಾವನವರ ಕೆಂಪು ಟ್ರ್ಯಾಕ್ಟರು, ಕೆಳಗಿನ ಅರ್ಧದಲ್ಲಿ ದೊಡ್ಡಪ್ಪನ ನೀಲಿ ಟ್ರ್ಯಾಕ್ಟರು. ಹೊರಡಿ ಎಂದು ಟಿ.ವಿ. ಕೂಗಿತು. ನಾನು ಎಲೆ ತೊಳೆಯಲು ಹಿತ್ತಲಿಗೆ ಹೋದೆ.

ಒಳಗಿನಿಂದ ಟ್ರ್ಯಾಕ್ಟರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹೆಂಡತಿ ಅನ್ನ ಬಸಿಯುತ್ತ ನನ್ನ ಕಡೆ ನೋಡಿ ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು. ನನ್ನ ಎದೆ ಉಬ್ಬಿತು. ಎಲೆಗಳನ್ನು ಒಳಗೆ ತರುತ್ತ ಪಡಸಾಲೆಗೆ ಇಣುಕಿದವನು ಅಲ್ಲೇ ನಿಂತೆ.

ಮೇಲಿನ ಅರ್ಧದಲ್ಲಿ ಮಾವನವರು ಹಳ್ಳ ಹಾರಿಸಿ, ಬದು ಮುರಿದು, ಸುತ್ತಿನ ಮೇಲೆ ಸುತ್ತು ಹೊಡೆಯುತ್ತಿದ್ದಾರೆ. ಅವರ ರಿಮೋಟು ಪ್ರತಿ ಕುಲುಕಿಗೂ ಕೈಯಲ್ಲಿ ಗಡಗಡ ನಡುಗುತ್ತಿದೆ. ಕೆಳಗಿನ ಅರ್ಧದಲ್ಲಿ ನೀಲಿ ಟ್ರ್ಯಾಕ್ಟರು ಗೆರೆಯ ಮೇಲೆ ನಿಂತಲ್ಲೇ ನಿಂತಿದೆ. ದೊಡ್ಡಪ್ಪನ ರಿಮೋಟಿನಲ್ಲಿ ದೀಪವೇ ಇಲ್ಲ. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು, ಶಾಂತವಾಗಿ ಕುಳಿತಿದ್ದಾರೆ.

ನನ್ನ ತಪ್ಪು ಥಟ್ಟನೆ ಹೊಳೆಯಿತು. ಎರಡೂ ರಿಮೋಟು ನೋಡಿದ್ದೆ ನಿಜ, ಆದರೆ ಒಂದೊಂದಾಗಿ. ಎರಡನ್ನೂ ಕೂಡಿಸಿ ನೋಡಿರಲಿಲ್ಲ. ಯಂತ್ರಕ್ಕೆ ಹಚ್ಚಿದ್ದು ಹೆಂಡತಿಯ ಮೊಬೈಲಿನ ಚಾರ್ಜರು. ಅದರಿಂದ ಬರುವ ಅಷ್ಟಿಷ್ಟು ಕರೆಂಟನ್ನು ಮೊದಲನೆಯ ರಿಮೋಟೇ ನಡುಗಿ ನಡುಗಿ ಕುಡಿದುಬಿಟ್ಟಿತ್ತು. ಎರಡನೆಯದಕ್ಕೆ ಏನೂ ಮುಟ್ಟಿರಲಿಲ್ಲ.

ಇನ್ನು ಕೆಟ್ಟಿತು ಎಂದುಕೊಂಡೆ. ಹೆಂಡತಿ ನನ್ನ ಹಿಂದೆ ಬಂದು ನಿಂತಿದ್ದಳು, ಅವಳೂ ಟಿ.ವಿ. ನೋಡಿದಳು. ಅವಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ನಾನು ದೊಡ್ಡಪ್ಪನ ಹತ್ತಿರ ಕುಕ್ಕರಗಾಲಲ್ಲಿ ಕುಳಿತು, ಇಷ್ಟು ಹೊತ್ತಾದರೂ ಗಾಡಿ ಓಡುತ್ತಿಲ್ಲ, ನನ್ನನ್ನು ಯಾಕೆ ಕರೆಯಲಿಲ್ಲ ಎಂದು ಕೇಳಿದೆ.

ದೊಡ್ಡಪ್ಪ ಟಿ.ವಿ.ಯ ಮೇಲಿನ ಅರ್ಧಕ್ಕೆ ಗದ್ದ ತೋರಿಸಿದರು.

“ಯಾಕ ಕರೀಲಿ ತಮ್ಮಾ? ಮ್ಯಾಲಿನವ್ರದು ಮುಗೀಲಿ, ಆಮ್ಯಾಲ ನಮಗ ಬರ್ತದ ಅಂತ ಕುಂತೀನಿ. ನಮಗ ರೂಢಿ ಅದ.”

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದರೆ ಬೇರೆ ಮಾತು. ಮಾವನವರ ಹೆಬ್ಬೆರಳು ನಿಂತಿತು. ಕೆಂಪು ಟ್ರ್ಯಾಕ್ಟರು ಹೋಗಿ ಬಣವೆಗೆ ಗುದ್ದಿ ಬಿತ್ತು. ಅವರು ಟಿ.ವಿ. ನೋಡಿದರು, ದೊಡ್ಡಪ್ಪನ ಕೈಯಲ್ಲಿದ್ದ ದೀಪವಿಲ್ಲದ ರಿಮೋಟು ನೋಡಿದರು. ಮೊದಲು ಅವರ ಹೊಟ್ಟೆ ಕುಲುಕಿತು, ಆಮೇಲೆ ಭುಜ, ಆಮೇಲೆ ಬಾಯಿ ತೆರೆದು ಬಂದ ನಗೆಗೆ ಒಳಗೆ ಮಲಗಿಸಿದ್ದ ಮಗಳು ಎದ್ದುಬಿಟ್ಟಳು. ಕಣ್ಣೊರೆಸಿಕೊಂಡು ತಮ್ಮ ರಿಮೋಟನ್ನು ದೊಡ್ಡಪ್ಪನ ಮುಂದೆ ಹಿಡಿದರು.

“ತಗೋರಿ ಬೀಗ್ರ, ನೀವು ಹೊಡೀರಿ,” ಅಂದರು. ಎರಡು ಹಂಗಾಮಿನ ಮೇಲೆ ಅವರಿಬ್ಬರ ನಡುವೆ ಬಂದ ಮೊದಲ ಮಾತು ಅದು. ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಒಳಗೆ ಓಡಿದಳು.

ದೊಡ್ಡಪ್ಪ ರಿಮೋಟು ತೆಗೆದುಕೊಂಡರು. ಜಮಖಾನದ ಮೇಲೆ ಮುಂದಕ್ಕೆ ಸರಿದು ಗಟ್ಟಿಯಾಗಿ ಕುಳಿತು ಶುರು ಮಾಡಿದರು. ಹಳ್ಳ ಹಾರಿತು, ಬದು ಮುರಿಯಿತು, ರಿಮೋಟು ನಡುಗಿತು. ಎಲೆ ಹಾಕಿದೆವು, ಅವರು ಏಳಲಿಲ್ಲ. ಅನ್ನ ಬಡಿಸಿದೆವು, ಏಳಲಿಲ್ಲ. ಮಾವನವರು ದೀಪವಿಲ್ಲದ ರಿಮೋಟು ಹಿಡಿದು ಪಕ್ಕದಲ್ಲೇ ಕಾಯುತ್ತಿದ್ದರು. ಕೊನೆಗೆ ತಾಳಲಾರದೆ, ನಮಗೂ ಒಂದು ಸುತ್ತು ಬಿಡಿ ಬೀಗರೇ, ಎಂದು ಕೇಳಿದರು.

ದೊಡ್ಡಪ್ಪ ಟಿ.ವಿ.ಯಿಂದ ಕಣ್ಣು ತೆಗೆಯಲಿಲ್ಲ.

“ಒಂದು ಅರ್ಜಿ ಬರ್ದು ಕೊಡ್ರಿ ಬೀಗ್ರ. ಮುಂದಿನ ಹಂಗಾಮಿಗೆ ವಿಚಾರ ಮಾಡ್ತೀವಿ.”